ಬಾಗಿಲು ತೆಗೆಸಿದ ಮೇಷ್ಟ್ರು

ಮೊನ್ನೆ ಪತ್ರಿಕೆಯಲ್ಲಿ ಅವರ ಬಗ್ಗೆ ನಾಲ್ಕು ಸಾಲು ಬಂದಿತ್ತು. ಮೈಸೂರಿನ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ತೀರಿಕೊಂಡರು, ಅವರು ತಯಾರಿಸಿದ ಸಣ್ಣ ಸಾಧನವೊಂದನ್ನು ರಾಕೆಟ್ಟಿನಲ್ಲಿ ಬಳಸಿದ್ದರು, ಇಷ್ಟೇ. ಓದಿ ನನಗೆ ಮೈಯೆಲ್ಲ ಉರಿಯಿತು. ರಾಕೆಟ್ಟು ದೊಡ್ಡದೇ ಇರಬಹುದು, ನಾನು ಇಲ್ಲವೆನ್ನುವುದಿಲ್ಲ. ಆದರೆ ಬಸ್ಸಿನ ಹಿಂಬಾಗಿಲ ಬಗ್ಗೆ ಒಂದಕ್ಷರವಾದರೂ ಬೇಡವೇ? ಅವರು ಏಳೆಂಟು ವರ್ಷ ಅನ್ನ ನೀರು ಬಿಟ್ಟು ಒದ್ದಾಡಿದ್ದು ಆ ಬಾಗಿಲಿಗಾಗಿ. ನಾನು ಬಸ್ಸಿಗೆ ಬಾಡಿ ಕಟ್ಟುವವನು, ಬರೆಯುವವನಲ್ಲ. ಆದರೂ ಇದನ್ನು ಬರೆಯದೆ ಇದ್ದರೆ ನನಗೆ ಸಮಾಧಾನವಾಗುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಹೆಸರು ಹಾಕಬೇಡಿ ಎನ್ನುತ್ತಿದ್ದವರು. ಊರಿಗೆಲ್ಲ ಅವರು ಮೇಷ್ಟ್ರು, ನನಗೂ ಮೇಷ್ಟ್ರು.

ಅವರು ನನ್ನ ಕಾರ್ಖಾನೆಗೆ ಮೊದಲು ಬಂದದ್ದು ಸ್ವಾತಂತ್ರ್ಯ ಬಂದ ಎರಡು ಮೂರು ವರ್ಷದ ಮೇಲೆ. ಆಗ ತಾನೇ ನಾನು ಸ್ವಂತ ಶೆಡ್ಡು ಹಾಕಿಕೊಂಡಿದ್ದೆ. ಎಂಜಿನ್ನು, ಗಾಲಿ ಮಾತ್ರ ಇರುವ ಷಾಸಿ ತಂದು ನಿಲ್ಲಿಸಿದರೆ ಅದಕ್ಕೆ ಮರದ ಚೌಕಟ್ಟು ಕಟ್ಟಿ, ತಗಡು ಹೊಡೆದು, ಸೀಟು ಜೋಡಿಸಿ, ಬಸ್ಸು ಮಾಡಿ ಕಳಿಸುವುದು ನಮ್ಮ ಕೆಲಸ. ಒಂದು ಬೆಳಗ್ಗೆ ಬಿಳಿ ಪಂಚೆ, ಖಾದಿ ಜುಬ್ಬ ತೊಟ್ಟ, ಬರಿಗಾಲಿನ ಮನುಷ್ಯ ಬಂದು ಯಾರನ್ನೂ ಕೇಳದೆ ಅರ್ಧ ಮುಗಿದ ಬಸ್ಸೊಂದನ್ನು ಹತ್ತಿ, ಹಿಂಬಾಗಿಲ ಅಗುಳಿಯನ್ನು ಎಳೆಯುವುದು, ಹಾಕುವುದು, ಎಳೆಯುವುದು, ಹಾಕುವುದು ಮಾಡುತ್ತ ಕೂತರು. ನಾನು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ತಡೆಯಲಾರದೆ, "ಏನು ಸ್ವಾಮಿ, ಬಾಗಿಲು ಹಿಡಿಸ್ತೋ?" ಎಂದೆ.

"ಬಾಗಿಲು ಚೆನ್ನಾಗಿದೆ. ಬಸ್ಸು ಮಗುಚಿಕೊಂಡ್ರೆ ತೆಗೆಯೋಕಾಗಲ್ಲ ಅಷ್ಟೇ," ಎಂದರು.

"ನಾನು ಕಟ್ಟಿದ ಬಸ್ಸು ಮಗುಚಲ್ಲ ಕಣ್ರೀ."

"ಮಗುಚೋದು ಡ್ರೈವರು ಸ್ವಾಮಿ. ನೀವು ಅಗುಳಿ ವಿಷಯ ಮಾತ್ರ ಹೇಳಿ."

ನನಗೆ ಕೋಪ ಬಂತು. ಆದರೆ ಅವರು ಹೇಳಿದ್ದು ನಿಜ. ಬಸ್ಸು ಉರುಳಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಚೌಕಟ್ಟು ತಿರುಚಿಕೊಂಡರೆ ಅಗುಳಿ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ನಾಲ್ಕು ಜಟ್ಟಿಗಳು ಎಳೆದರೂ ಅದು ಬರುವುದಿಲ್ಲ. ಅಪಾಯ ಬಂದಾಗ ತೆಗೆಯಲೆಂದು ಇಟ್ಟ ಬಾಗಿಲು ಅಪಾಯ ಬಂದಾಗಲೇ ತೆಗೆದುಕೊಳ್ಳುವುದಿಲ್ಲ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿದ್ದ ವಿಷಯ, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅವರು ಹೊರಡುವಾಗ ನಮಸ್ಕಾರ ಮಾಡಲು ಕೈ ಎತ್ತಿದರು. ಬಲಗೈ ಅಂಗೈಯಲ್ಲಿ ಅಡ್ಡಡ್ಡ ಒಂದು ಗಾಯದ ಗುರುತು ಕಂಡಿತು, ಚರ್ಮ ಕಿತ್ತು ಮತ್ತೆ ಬೆಳೆದಂಥದ್ದು. ಅದೇನೆಂದು ಆಗ ನಾನು ಕೇಳಲಿಲ್ಲ.

ಮೇಷ್ಟ್ರ ಮನೆತನ ಬಾಣಬಿರುಸಿನವರದು. ತಾತ ಹಳ್ಳಿಯಲ್ಲಿ ಹೊಲ ಉಳುವುದು ಬಿಟ್ಟು ಪೇಟೆಗೆ ಬಂದು ಮದ್ದು ಅರೆಯುವುದನ್ನು ಕಲಿತರಂತೆ. ತಂದೆ ಅರಮನೆಯ ದಸರೆಗೆ ಬಾಣಬಿರುಸು ಮಾಡಿ ಕೊಟ್ಟವರು. ಪಟಾಕಿ ಮದ್ದಿನ ಲೈಸೆನ್ಸು ಇದ್ದದ್ದು ಆ ತಂದೆಯ ಹೆಸರಿನಲ್ಲಿ. ಮೇಷ್ಟ್ರು ಒಬ್ಬರೇ ಓದಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಹಿಡಿದಿದ್ದರು. ವಿದ್ಯಾರಣ್ಯಪುರಂ ಆಗಿನ್ನೂ ಅರ್ಧ ಮನೆ ಅರ್ಧ ಬಯಲು. ಅಲ್ಲಿ ಕೊನೆಯ ಸಾಲಿನಲ್ಲಿ ಅವರ ಮನೆ, ಮನೆಯಿಂದ ಬಹಳ ದೂರಕ್ಕೆ ಹಿತ್ತಿಲಿನಲ್ಲಿ ಮದ್ದು ಅರೆಯುವ ಒಂದಂಕಣದ ಕೋಣೆ.

ಆ ಮನೆಯವರಿಗೆ ಒಂದು ಅಭ್ಯಾಸವಿತ್ತು. ಮದ್ದು ಮುಟ್ಟುವ ಮುಂಚೆ ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈಯನ್ನು ನೆಲದ ಮೇಲೆ ಊರುತ್ತಿದ್ದರು. "ಮೈಯಾಗಿರೋ ಚುರುಕ ನೆಲಕ್ಕೆ ಕೊಟ್ಬುಟ್ಟು ಬಾ," ಎನ್ನುತ್ತಿದ್ದರಂತೆ ತಾತ. ಮೈಯಲ್ಲಿ ವಿದ್ಯುತ್ ಸೇರಿಕೊಂಡಿದ್ದರೆ ಕಿಡಿ ಹಾರಿ ಮದ್ದು ಹತ್ತಿಕೊಳ್ಳುತ್ತದೆ, ಅದಕ್ಕೆ ಹಾಗೆ ಎಂದು ಮೇಷ್ಟ್ರು ಕಾಲೇಜಿಗೆ ಹೋದ ಮೇಲೆ ತಿಳಿದುಕೊಂಡರು. ತಿಳಿದ ಮೇಲೂ ಅದು ಅವರ ಮೈಗೇ ಹತ್ತಿಬಿಟ್ಟಿತ್ತು. ಬೋರ್ಡಿನ ಮೇಲೆ ಬರೆಯುವ ಮುಂಚೆ ನೆಲ ಮುಟ್ಟುತ್ತಿದ್ದರು, ಬಸ್ಸು ಹತ್ತುವ ಮುಂಚೆ ನೆಲ ಮುಟ್ಟುತ್ತಿದ್ದರು. ಊರಿನವರು ಇವರನ್ನು ಮಹಾ ದೈವಭಕ್ತರೆಂದು ತಿಳಿದಿದ್ದರು. ನಾನು ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ.

ಇನ್ನೊಂದು ಅಭ್ಯಾಸ, ಎಲ್ಲಿಗೆ ಹೋದರೂ ಮೊದಲು ಬಾಗಿಲು ನೋಡುವುದು. ನನ್ನ ತಂಗಿಯ ಮದುವೆಗೆ ಕರೆದಿದ್ದೆ. ಛತ್ರದೊಳಗೆ ಬಂದವರು ವಧೂವರರ ಕಡೆ ತಲೆ ಎತ್ತಿಯೂ ನೋಡಲಿಲ್ಲ, ಹಿಂದಿನ ಬಾಗಿಲಿಗೆ ಅಡ್ಡವಾಗಿ ಇಟ್ಟಿದ್ದ ಅಕ್ಕಿ ಮೂಟೆಗಳನ್ನು ಅಡುಗೆಯವರ ಕೈಯಲ್ಲಿ ಪಕ್ಕಕ್ಕೆ ಇಡಿಸಿದರು. "ಹೊರಗೆ ಹೋಗೋ ದಾರಿ ಮೊದಲು ನೋಡ್ಕೊಂಬುಡಬೇಕು ಸ್ವಾಮಿ, ಆಮೇಲೆ ಅಕ್ಷತೆ," ಎಂದರು. ನಮ್ಮ ಬೀಗರು, ಇವರು ಯಾರ ಕಡೆಯವರು, ಇಷ್ಟು ಯಜಮಾನಿಕೆ ಮಾಡುತ್ತಾರಲ್ಲ ಎಂದು ನನ್ನನ್ನು ಕೇಳಿದರು.

ಟೆರಿಲಿನ್ ಶರ್ಟು ಹೊಸದಾಗಿ ಬಂದಿದ್ದ ಕಾಲ. ನಾನು ಆಸೆಪಟ್ಟು ಒಂದು ಹೊಲಿಸಿಕೊಂಡು, ಅವರಿಗೆ ತೋರಿಸೋಣವೆಂದೇ ಹೋದೆ. ಹಿತ್ತಿಲಿಗೆ ಕಾಲಿಡುವಷ್ಟರಲ್ಲಿ, "ನಿಂತ್ಕೊಳ್ಳಿ! ಅದನ್ನ ಬಿಚ್ಚಿ ಅಲ್ಲಿ ದಾಸವಾಳದ ಗಿಡಕ್ಕೆ ಹಾಕಿ ಬನ್ನಿ. ಕಿಡಿ ಹಾರಿಸೋ ಬಟ್ಟೆ ಅದು," ಎಂದು ಕೂಗಿದರು. ಅಂದು ಸಂಜೆಯವರೆಗೂ ನಾನು ಬನಿಯನ್ನಿನಲ್ಲಿ ಕೂತೆ. ಅವರ ಹೆಂಡತಿ ಕಾಫಿ ತಂದುಕೊಟ್ಟು ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೋದರು.

ಆ ತಾಯಿಯೇ ಒಂದು ಸಲ ಅಂಗೈಯ ಗಾಯದ ಕಥೆ ಹೇಳಿದ್ದು. ದೀಪಾವಳಿಯ ದಿನ ನಾನು ಹೋಗಿದ್ದೆ. ಬೀದಿಯೆಲ್ಲ ಪಟಾಕಿ ಸದ್ದು. ಬಾಣಬಿರುಸಿನವರ ಈ ಮನೆ ಮಾತ್ರ ಸೂತಕದ ಮನೆಯ ಹಾಗಿತ್ತು. ನಾನು ಕೇಳಿಯೇಬಿಟ್ಟೆ.

"ನಮ್ಮನೇಲಿ ಒಂದು ಸುರುಸುರುಬತ್ತಿನೂ ಹಚ್ಚಲ್ಲ ಕಣಣ್ಣ," ಎಂದರು ಆಕೆ. "ಇವರ ತಂಗಿ ಹೋದಾಗಿಂದ."

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಿಂದ ಬಸ್ಸು ಓಡಿಸುತ್ತಿದ್ದರಲ್ಲ, ಅದರ ಕಡೆಯ ದಿನಗಳು ಅವು. ಮದುವೆಯಾಗಿ ಮೂರು ತಿಂಗಳಾದ ತಂಗಿಯನ್ನು ಗಂಡನ ಮನೆಗೆ ಬಿಡಲು ಮೇಷ್ಟ್ರು ಕರೆದುಕೊಂಡು ಹೊರಟಿದ್ದರಂತೆ. ಬಸ್ಸು ಜಾರಿ ನಾಲೆಗೆ ಉರುಳಿತು. ಮೇಷ್ಟ್ರು ಹಿಂಬಾಗಿಲ ಹತ್ತಿರವೇ ಕೂತಿದ್ದವರು. ಅಗುಳಿ ಹಿಡಿದು ಎಳೆದರು. ಅಂಗೈ ಚರ್ಮ ಕಿತ್ತು ಅಗುಳಿಗೆ ಅಂಟಿಕೊಂಡಿತು, ಅಗುಳಿ ಅಲುಗಲಿಲ್ಲ. ತಂಗಿ ಹಿಂದಿನಿಂದ ಅವರ ಜುಬ್ಬ ಹಿಡಿದುಕೊಂಡು, "ತೆಗಿ ಅಣ್ಣಯ್ಯ, ತೆಗಿ ಅಣ್ಣಯ್ಯ," ಎನ್ನುತ್ತಿದ್ದಳಂತೆ. ಯಾರೋ ಹೊರಗಿನಿಂದ ಕಿಟಕಿ ಒಡೆದು ಮೇಷ್ಟ್ರನ್ನು ಎಳೆದುಕೊಂಡರು. ಆ ತಂಗಿಯೂ ಸೇರಿ ನಾಲ್ಕು ಜನ ಒಳಗೇ ಉಳಿದರು.

ಅದನ್ನು ಕೇಳಿದ ಮೇಲೆ ನಾನು ಅವರ ಜೊತೆ ಜಗಳ ಆಡುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಆಡುತ್ತಲೇ ಇದ್ದೆ. ಆದರೆ ಅವರು ಕೇಳಿದ ಕೆಲಸ ಯಾವುದನ್ನೂ ಇಲ್ಲವೆನ್ನಲಿಲ್ಲ.

ಅವರು ಮಾಡಿದ್ದನ್ನು ಹೇಳುವುದು ಸುಲಭ. ಹಿಂಬಾಗಿಲ ಅಗುಳಿಯನ್ನು ತೆಗೆದು ಅಲ್ಲಿ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಕೊಳವೆ ಕೂರಿಸುವುದು. ಕೊಳವೆಯೊಳಗೆ ಉಕ್ಕಿನ ಪಿನ್ನು. ಆ ಪಿನ್ನು ಚೌಕಟ್ಟಿಗೆ ಚುಚ್ಚಿಕೊಂಡು ಬಾಗಿಲನ್ನು ಹಿಡಿದಿರುತ್ತದೆ. ಕೊಳವೆಯಲ್ಲಿ ಒಂದು ಚಿಟಿಕೆ ಮದ್ದು, ಅದನ್ನು ಹೊತ್ತಿಸಲು ಒಂದು ಕೇಪು. ಕೆಂಪು ಹಿಡಿಯ ತಂತಿ ಎಳೆದರೆ ಕೇಪಿಗೆ ಪೆಟ್ಟು ಬಿದ್ದು ಮದ್ದು ಉರಿದು, ಅದರ ಒತ್ತಡಕ್ಕೆ ಪಿನ್ನು ಹಿಂದಕ್ಕೆ ಸರಿದುಬಿಡುತ್ತದೆ. ಮನುಷ್ಯರ ಕೈಯಲ್ಲಿ ಆಗದ ಕೆಲಸವನ್ನು ನಶ್ಯದಷ್ಟು ಮದ್ದು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಅದಕ್ಕೆ ಅವರಿಟ್ಟ ಹೆಸರೇ ಚಿಟಿಕೆ.

ಹೇಳುವುದು ಸುಲಭ, ಮಾಡಲು ಆರು ವರ್ಷ ಹಿಡಿಯಿತು. ಮದ್ದು ಹೆಚ್ಚಾದರೆ ಕೊಳವೆ ಸೀಳುತ್ತಿತ್ತು, ಕಡಿಮೆಯಾದರೆ ಪಿನ್ನು ಅರ್ಧಕ್ಕೆ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಮದ್ದು ತೇವ ಕುಡಿಯುತ್ತಿತ್ತು. ಕೊಳವೆಯ ಬಾಯಿಗೆ ಅರಗು ಮತ್ತು ಜೇನುಮೇಣ ಬೆರೆಸಿ ಮೆತ್ತಿ, ಚಿಟಿಕೆಗಳನ್ನು ಹಗ್ಗಕ್ಕೆ ಕಟ್ಟಿ ತಿಂಗಳುಗಟ್ಟಲೆ ಬಾವಿಯಲ್ಲಿ ಇಳಿಬಿಟ್ಟಿರುತ್ತಿದ್ದರು. ಬಚ್ಚಲ ಹಂಡೆಯ ಹಬೆಯಲ್ಲಿ ನೇತುಹಾಕುತ್ತಿದ್ದರು. ಅವರ ಹೆಂಡತಿ ನೀರು ಸೇದುವಾಗ ಬಿಂದಿಗೆಯ ಜೊತೆ ನಾಲ್ಕು ಚಿಟಿಕೆ ಮೇಲೆ ಬರುತ್ತಿದ್ದವು. ಆಕೆ ಅವನ್ನು ಒರೆಸಿ ಮತ್ತೆ ಒಳಗೆ ಬಿಡುತ್ತಿದ್ದರು.

ಕೊನೆಗೆ ಬಸ್ಸುಗಳನ್ನು ಪಾಸು ಮಾಡುವ ಸಾಹೇಬರು ಪರೀಕ್ಷೆಗೆ ಒಪ್ಪಿದರು. ಯಾದವಗಿರಿಯ ಬಂಗಲೆಯೊಂದರಲ್ಲಿ ಅವರ ವಾಸ. ಮೇಷ್ಟ್ರು ಆ ಬಂಗಲೆಯ ಗೇಟಿಗೆ ಎಷ್ಟು ಸಲ ಹೋದರೋ, ಅಲ್ಲಿನ ನಾಯಿ ಕೂಡ ಇವರನ್ನು ಕಂಡು ಬೊಗಳುವುದನ್ನು ಬಿಟ್ಟಿತ್ತು. ಬೋಗಾದಿ ಆಗ ಊರಾಚೆಯ ಹಳ್ಳಿ. ಅಲ್ಲಿನ ಕೆರೆಯ ಪಕ್ಕದ ಬಯಲಿಗೆ ನಾನು ಒಂದು ಗುಜರಿ ಬಸ್ಸನ್ನು ಎಳೆಸಿಕೊಂಡು ಹೋಗಿ, ಅಡ್ಡ ಮಲಗಿಸಿ, ಜಾಕಿ ಕೊಟ್ಟು ಹಿಂದಿನ ಚೌಕಟ್ಟನ್ನು ತಿರುಚಿದೆ. ನನ್ನ ಕೈಯಾರೆ ಕಟ್ಟಿದ ಬಾಡಿ ಅದು. ಆದರೂ ಚೆನ್ನಾಗಿಯೇ ತಿರುಚಿದೆ.

ಸಾಹೇಬರು ಬಂದರು, ಐದಾರು ಜನ ಬಸ್ ಮಾಲೀಕರು ಬಂದರು, ಹಳ್ಳಿಯವರು ಏರಿಯ ಮೇಲೆ ತುಂಬಿದರು. ಮೇಷ್ಟ್ರು ನೆಲ ಮುಟ್ಟಿ, ದೂರ ನಿಂತು, ತಂತಿ ಎಳೆದರು.

ಏನಾಯಿತೆಂದು ಹೇಗೆ ಹೇಳಲಿ? ಬಾಗಿಲ ಸಂದಿನಿಂದ ಬಂಗಾರದ ಬಣ್ಣದ ಕಿಡಿಗಳು ಆಳೆತ್ತರಕ್ಕೆ ಚಿಮ್ಮಿದವು. ಅಷ್ಟು ಚೆಂದದ ಹೂವನ್ನು ನಾನು ದಸರೆಯಲ್ಲೂ ನೋಡಿರಲಿಲ್ಲ. ಹಳ್ಳಿಯವರು ಹೋ ಎಂದು ಚಪ್ಪಾಳೆ ಹೊಡೆದರು. ಸಾಹೇಬರ ಕೋಟಿನ ತೋಳಿಗೆ ಎರಡು ತೂತು ಬಿದ್ದವು. ಬಾಗಿಲು ಮಾತ್ರ ತೆಗೆದುಕೊಳ್ಳಲಿಲ್ಲ. ಪಿನ್ನು ಅರ್ಧ ಸರಿದು ಕಚ್ಚಿಕೊಂಡಿತ್ತು.

"ಮೇಷ್ಟ್ರೇ, ಇದನ್ನ ಮದುವೆ ಮೆರವಣಿಗೆಗೆ ಇಟ್ಕೊಳ್ಳಿ," ಎಂದ ಒಬ್ಬ ಮಾಲೀಕ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ತೋಳನ್ನು ಕೊಡವಿಕೊಂಡು, "ಇನ್ನೊಂದೇ ಒಂದು ಅವಕಾಶ ಕೊಡ್ತೀನಿ. ಅದೂ ಹೀಗೇ ಆದ್ರೆ, ಬಸ್ಸಿನಲ್ಲಿ ಮದ್ದು ಇಡಲೇಕೂಡದು ಅಂತ ಬರೆದುಬಿಡ್ತೀನಿ. ಆಮೇಲೆ ಯಾರು ಬಂದ್ರೂ ಆ ಕಾಗದ ಬದಲಾಗಲ್ಲ," ಎಂದರು.

ಮನೆಗೆ ಬಂದು ಚಿಟಿಕೆ ಬಿಚ್ಚಿದೆವು. ಕೊಳವೆಯೊಳಗೆ ಸುಟ್ಟ ಕಬ್ಬಿಣದ ಹರಳು ಕರಕಲಾಗಿ ಪಿನ್ನಿಗೆ ಅಂಟಿತ್ತು. ಮೇಷ್ಟ್ರು ಅದನ್ನು ಉಗುರಿನಲ್ಲಿ ಕೆರೆದು ನೋಡಿದರು, ಮೂಸಿದರು, ದೇವರ ಕೋಣೆಯ ಕಡೆ ನೋಡಿದರು. ಅಲ್ಲಿ ಗೂಡಿನಲ್ಲಿ ತಾತನ ಕಾಲದ ಒಂದು ಹಿತ್ತಾಳೆ ಡಬ್ಬಿ ಇತ್ತು. ಅದರಲ್ಲಿ ಕಬ್ಬಿಣವನ್ನು ಅರದಿಂದ ಉಜ್ಜಿ ತೆಗೆದ ಪುಡಿ. ಬಾಣಬಿರುಸಿನಲ್ಲಿ ಕಿಡಿಯ ಹೂ ಬರುವುದು ಆ ಪುಡಿಯಿಂದಲೇ. ಹೊಸ ಮದ್ದು ಮೊದಲ ಸಲ ಸಭೆಗೆ ಹೊರಟಾಗ ಮನೆಯ ಹಿರಿಯರು ಆ ಡಬ್ಬಿಯಿಂದ ಒಂದು ಬೆರಳಷ್ಟು ತೆಗೆದು, ಕಣ್ಣಿಗೊತ್ತಿಕೊಂಡು, ಮದ್ದಿಗೆ ಬೆರೆಸಬೇಕು. ಅದು ಆ ಮನೆಯ ಪದ್ಧತಿ.

ತಂದೆ ಜಗುಲಿಯ ಮೇಲೆ ಕೂತಿದ್ದರು. ಎಪ್ಪತ್ತರ ಹತ್ತಿರದ ಮುದುಕರು, ಹುಬ್ಬು ಯಾವತ್ತೋ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ.

"ಅಪ್ಪಯ್ಯ, ಮದ್ದಿಗೆ ಹೂ ಹಾಕಿದ್ರಾ?"

"ಊಂ ಕಣ್ಲಾ. ನಿನ್ನೆ ಬೆಳಗ್ಗೇನೇ ಆಕ್ದೆ. ದೊಡ್ಡೋರ ಸಭೆ, ಸಾಯೇಬ್ರು ಬತ್ತಾರೆ, ಬರೇ ಮದ್ದ ಎಂಗ್ಲಾ ಕಳಿಸ್ಲಿ? ಎಂಗೆ ಬಂತು ಹೂವ?"

ನಾನಾಗಿದ್ದರೆ ಕೂಗಾಡಿಬಿಡುತ್ತಿದ್ದೆ. ಆರು ವರ್ಷದ ಕೆಲಸ ಒಂದು ಬೆರಳು ಪುಡಿಗೆ ಹಾಳಾಗಿತ್ತು. ಮೇಷ್ಟ್ರು ತಂದೆಯ ಪಕ್ಕ ಕೂತರು. "ಹೂ ಬಹಳ ಚೆನ್ನಾಗಿ ಬಂತು ಅಪ್ಪಯ್ಯ," ಎಂದರು. ಮುದುಕರ ಮುಖ ಅರಳಿತು. ಆಮೇಲೆ ಮೇಷ್ಟ್ರು, "ಇನ್ನೊಂದು ಮದ್ದು ಬೇಕಿತ್ತು. ನನ್ನ ಕೈಲಿ ಆಗ್ತಾ ಇಲ್ಲ. ನೀವೇ ಮಾಡ್ಕೊಡಬೇಕು. ಸದ್ದು ಬರಬಾರದು, ಬೆಳಕು ಬರಬಾರದು, ಹೊಗೆ ಬರಬಾರದು, ಕೊಳವೆಯಲ್ಲಿ ಚೂರೂ ಉಳೀಬಾರದು," ಎಂದರು.

ಮುದುಕರು ಬೆಚ್ಚಿ ನೋಡಿದರು. "ಸದ್ದಿಲ್ಲ, ಬೆಳಕಿಲ್ಲ. ಅದ ಯಾರ್ಲಾ ನೋಡ್ತಾರೆ?"

"ಯಾರೂ ನೋಡಲ್ಲ ಅಪ್ಪಯ್ಯ. ಬಾಗಿಲು ತೆಗೆದುಕೊಳ್ಳುತ್ತೆ ಅಷ್ಟೇ."

"ಯಾವ ಬಾಗ್ಲು?" ಎಂದರು ತಂದೆ. ಮೇಷ್ಟ್ರು ಅಂಗೈ ತೆರೆದು ತಂದೆಯ ಮೊಣಕಾಲ ಮೇಲೆ ಇಟ್ಟರು. ಮುದುಕರು ಆ ಗಾಯದ ಗುರುತನ್ನು ಬಹಳ ಹೊತ್ತು ನೋಡಿದರು. ಮಗ ಇಷ್ಟು ವರ್ಷ ಹಿತ್ತಿಲಿನಲ್ಲಿ ಮಾಡುತ್ತಿದ್ದದ್ದು ಏನೆಂದು ಆ ತಂದೆಗೆ ಅಲ್ಲಿಯವರೆಗೂ ಯಾರೂ ಬಿಡಿಸಿ ಹೇಳಿರಲಿಲ್ಲ. ಮಗನೂ ಹೇಳಿರಲಿಲ್ಲ, ಹೇಳಿದರೆ ಮಗಳ ಹೆಸರು ಬರುತ್ತದಲ್ಲ ಎಂದು. ಇದು ಮೇಷ್ಟ್ರ ತಪ್ಪು ಎಂದೇ ನಾನು ಈಗಲೂ ಹೇಳುತ್ತೇನೆ.

ಮಾರನೆಯ ದಿನದಿಂದ ಮುದುಕರು ಹಿತ್ತಿಲಿನ ಕೋಣೆ ಸೇರಿದರು. ಅವರಿಗೆ ಬೇಕಾದ್ದು ತೊಗರಿ ಕಡ್ಡಿಯ ಇದ್ದಿಲು, ಅದೂ ಕರಿಮಣ್ಣಿನ ಹೊಲದ್ದು. ಅದಕ್ಕಾಗಿ ನಾನು ನಂಜನಗೂಡಿನ ಆಚೆಯ ಹಳ್ಳಿಗಳನ್ನು ಸುತ್ತಿ ಒಂದು ಗಾಡಿ ಕಡ್ಡಿ ತಂದೆ. ಸುಟ್ಟು, ಅರೆದು, ಮಲ್ಲಿನ ಬಟ್ಟೆಯಲ್ಲಿ ಸೋಸಿ, ಮತ್ತೆ ಅರೆದು, ಬೆರಳ ನಡುವೆ ತಿಕ್ಕಿ ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು. ಮದ್ದು ಹದವಾಗಿದ್ದರೆ ಸದ್ದಾಗಬಾರದಂತೆ. ಐವತ್ತು ವರ್ಷ ಜನರ ಕಣ್ಣು ಕೋರೈಸಿದ ಕೈ ಅದು, ಈಗ ಏನೂ ಕಾಣಿಸದ ಹಾಗೆ ಮಾಡಲು ಹಟ ಹಿಡಿದಿತ್ತು. ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಮಗನ ಕೈಗೆ ಸಣ್ಣ ಕುಡಿಕೆ ಕೊಟ್ಟು, "ತಕೊ. ಇದು ಉರಿಯೋದು ನಿಂಗೂ ಗೊತ್ತಾಗಕಿಲ್ಲ," ಎಂದರು.

ಎರಡನೆಯ ಪರೀಕ್ಷೆ ಕೆರೆಯ ನೀರಿನಲ್ಲೇ ಆಗಬೇಕೆಂದು ಮೇಷ್ಟ್ರು ಹಟ ಮಾಡಿದರು. ಒಳಗೆ ಜನ ಕೂರಬೇಕು, ಮೊದಲು ತಾವೇ ಕೂರುವುದಾಗಿ ಹೇಳಿದರು. ಬಾಡಿ ನನ್ನದು, ನಾನೂ ಕೂರುತ್ತೇನೆ ಎಂದೆ. ಈಜು ಬಾರದವನು ನಾನು, ಯಾಕೆ ಹಾಗೆಂದೆನೋ ಈಗಲೂ ತಿಳಿಯದು. ಅಷ್ಟರಲ್ಲಿ ಹಿಂದಿನಿಂದ, "ಮದ್ದು ನಂದು. ನಾ ಕೂರ್ದೆ ಇನ್ಯಾರ್ಲಾ ಕೂರೋರು?" ಎಂಬ ದನಿ ಬಂತು. ಮುದುಕರು ಪಂಚೆ ಎತ್ತಿ ಕಟ್ಟಿಕೊಂಡು ಆಗಲೇ ನೀರಿಗೆ ಇಳಿದಿದ್ದರು.

ಬಸ್ಸು ಕೆರೆಯಲ್ಲಿ ಅಡ್ಡ ಮಲಗಿತ್ತು, ಚೌಕಟ್ಟು ಮೊದಲಿಗಿಂತ ಹೆಚ್ಚು ತಿರುಚಿತ್ತು. ಹೋದ ಸಲದ ಕಿಡಿಗೆ ಹೆದರಿದ್ದ ಸಾಹೇಬರು ತಮ್ಮ ಕುರ್ಚಿಯನ್ನು ಏರಿಯ ಮೇಲೆ ಬಸ್ಸಿನ ಮೂತಿಯ ಕಡೆಗೆ ಹಾಕಿಸಿಕೊಂಡಿದ್ದರು. ಹಿಂಬಾಗಿಲು ಅವರಿಗೆ ಕಾಣುತ್ತಿರಲಿಲ್ಲ. ಮಾಲೀಕರು ಅವರ ಹಿಂದೆ ಗುಂಪು ಕೂಡಿ, ಕೆಲವರು ಆಗಲೇ ಕಿವಿಗೆ ಬೆರಳಿಟ್ಟುಕೊಂಡಿದ್ದರು.

ಒಳಗೆ ಎದೆಮಟ್ಟ ನೀರು, ಕೆಸರು ವಾಸನೆ. ನಾನು ಅಗುಳಿ ಇರುತ್ತಿದ್ದ ಜಾಗದಲ್ಲಿ ಕೈಯಿಟ್ಟು ಜೋರಾಗಿ ತಳ್ಳಿ ನೋಡಿದೆ, ಬಾಗಿಲು ಗೋಡೆಯ ಹಾಗೆ ನಿಂತಿತ್ತು. ಮೇಷ್ಟ್ರು ಅಭ್ಯಾಸಬಲದಿಂದ ಬಗ್ಗಿದರು, ಮುಟ್ಟಲು ನೆಲ ಸಿಗಲಿಲ್ಲ. ತಿರುಗಿ ತಂದೆಯ ಪಾದ ಇರಬಹುದಾದ ಕಡೆ ನೀರನ್ನು ಮುಟ್ಟಿದರು. ಆಮೇಲೆ ಗಾಯದ ಕೈಯಲ್ಲಿ ಕೆಂಪು ಹಿಡಿಯನ್ನು ಹಿಡಿದು ಎಳೆದರು.

ಟಕ್ ಎಂದಿತು, ಪೆಟ್ಟಿಗೆಯ ಬೀಗ ತೆಗೆದಷ್ಟು ಸದ್ದು. ಬಾಗಿಲು ತಾನಾಗಿಯೇ ಹೊರಕ್ಕೆ ವಾಲಿ ನೀರಿನ ಮೇಲೆ ಮಲಗಿತು. ಒಳಗೆಲ್ಲ ಬಿಸಿಲು ಬಂತು.

ನಾವು ಮೂವರೂ ಹೊರಗೆ ನಡೆದು, ದಡ ಹತ್ತಿ, ಏರಿಯನ್ನು ಬಳಸಿಕೊಂಡು ಬಂದು ಸಾಹೇಬರ ಕುರ್ಚಿಯ ಹಿಂದೆ ನಿಂತೆವು. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ, ಎಲ್ಲರ ಕಣ್ಣೂ ಬಸ್ಸಿನ ಮೇಲೆ. ಸಾಹೇಬರು ಕೈಗಡಿಯಾರ ನೋಡಿಕೊಂಡು ಬೇಸರದಿಂದ, "ಇನ್ನೂ ಯಾವಾಗ ಹಾರಿಸ್ತಾರಂತೆ ಇವರು?" ಎಂದರು.

"ಹಾರಿಸಿ ಆಯ್ತು ಸಾರ್," ಎಂದರು ಮೇಷ್ಟ್ರು ಹಿಂದಿನಿಂದ. "ನಾವು ಹೊರಗೆ ಬಂದು ನಿಂತಿದ್ದೀವಿ."

ಸಾಹೇಬರು ತಿರುಗಿದ ರಭಸಕ್ಕೆ ಕುರ್ಚಿ ಏರಿಯ ಕೆಳಕ್ಕೆ ಉರುಳಿತು. ಅವರು ನಮ್ಮನ್ನು ನೋಡಿದರು, ಬಸ್ಸನ್ನು ನೋಡಿದರು, ಮತ್ತೆ ನಮ್ಮನ್ನು ನೋಡಿದರು. ಆಮೇಲೆ ಒದ್ದೆ ಮುದುಕರ ಎರಡೂ ಕೈ ಹಿಡಿದುಕೊಂಡರು. ಅಪ್ಪಣೆಯ ಕಾಗದ ಹದಿನೈದು ದಿನದಲ್ಲಿ ಬಂತು. ಕೋಟೆ ಎಂಬ ಊರಿನ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ ಮಾಲೀಕರೊಬ್ಬರು ಮೊದಲು ಚಿಟಿಕೆ ಹಾಕಿಸಿಕೊಂಡರು. ಮದುವೆ ಮೆರವಣಿಗೆಗೆ ಇಟ್ಟುಕೊಳ್ಳಿ ಎಂದು ಗೇಲಿ ಮಾಡಿದ್ದವರು ಇವರೇ.

ರಾಕೆಟ್ಟಿನ ಕಥೆಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ಪತ್ರಿಕೆಯವರು ನನ್ನ ಮೇಲೆ ಬಂದಾರು. ಅದು ಇದಾದ ಬಹಳ ವರ್ಷದ ಮೇಲೆ. ಮೇಷ್ಟ್ರ ಹಳೆಯ ಶಿಷ್ಯನೊಬ್ಬ ದಕ್ಷಿಣದ ಕಡಲ ದಂಡೆಯಲ್ಲಿ ರಾಕೆಟ್ಟು ಹಾರಿಸುವವರ ಜೊತೆ ಕೆಲಸಕ್ಕೆ ಸೇರಿದ್ದ. ರಾಕೆಟ್ಟು ಮೇಲೆ ಹೋದ ಮೇಲೆ ಅದರ ಮೂತಿಯ ಮುಚ್ಚಳ ಕಳಚಿ, ಪ್ಯಾರಾಚೂಟು ಎನ್ನುವ ಗಾಳಿಕೊಡೆ ಹೊರಗೆ ಬಂದು ಬಿಚ್ಚಿಕೊಳ್ಳಬೇಕು. ಮುಚ್ಚಳ ಹಿಡಿದ ಪಿನ್ನು ಸರಿಯಾಗಿ ಸರಿಯುತ್ತಿಲ್ಲ, ನಿಮ್ಮ ಚಿಟಿಕೆ ನೆನಪಾಯಿತು ಎಂದು ಬರೆದ. ಮೇಷ್ಟ್ರು ಇನ್ನೂ ಸಣ್ಣದು ಮಾಡಿ, ತಂತಿಯ ಬದಲು ವಿದ್ಯುತ್ತಿನಿಂದ ಹೊತ್ತುವ ಹಾಗೆ ಮಾಡಿ ಕಳಿಸಿದರು. ಹಾರಿಸುವ ದಿನ ಅವರನ್ನೂ ಕರೆಸಿಕೊಂಡರು.

ವಾಪಸು ಬಂದಾಗ ಹೇಗಿತ್ತು ಎಂದು ಕೇಳಿದೆ. "ಎಲ್ಲಾರೂ ಕೆಳಗಡೆ ಬೆಂಕಿ ನೋಡ್ತಿದ್ರು. ನಾನು ತುದಿ ನೋಡ್ತಿದ್ದೆ," ಎಂದರು. "ಆಮೇಲೆ ಕಣ್ಣಿಗೆ ಏನೂ ಕಾಣಲಿಲ್ಲ. ಯಂತ್ರದ ಮುಂದೆ ಕೂತಿದ್ದ ಹುಡುಗ ಕೊಡೆ ಬಿಚ್ಕೊಂತು ಅಂತ ಕೈ ಎತ್ತಿದ. ಅದೂ ಬಾಗಿಲೇ ಕಣ್ರೀ. ಒಳಗಿರೋದನ್ನ ಹೊರಗೆ ಬಿಡಬೇಕು ಅಷ್ಟೇ." ಇಷ್ಟು ಹೇಳಿ, ನನ್ನ ಹೊಸ ಬಸ್ಸಿನ ಹಿಂಬಾಗಿಲ ಕೀಲು ಕಿರುಗುಟ್ಟುತ್ತಿದೆ ಎಂದು ಎಣ್ಣೆ ಬಿಡಲು ಹೋದರು.

ನಾನು ಹೇಳಬೇಕೆಂದಿರುವುದು ರಾಕೆಟ್ಟಿಗೂ ಎರಡು ವರ್ಷ ಹಿಂದಿನ ಒಂದು ಆಷಾಢದ ಮಾತು. ಮಧ್ಯಾಹ್ನ ಊಟ ಮಾಡಿ ಶೆಡ್ಡಿಗೆ ಬರುತ್ತಿದ್ದಂತೆ ಸುದ್ದಿ ಬಂತು. ಕೋಟೆಯ ದಾರಿಯ ಬಸ್ಸು ಮಳೆಗೆ ಜಾರಿ ನಾಲೆಗೆ ಬಿದ್ದಿದೆ. ನಾನೇ ಕಟ್ಟಿದ ಬಸ್ಸು. ಲಾರಿ ಹತ್ತಿ, ಸ್ಕೂಲಿನ ಹತ್ತಿರ ನಿಲ್ಲಿಸಿ, ಪಾಠ ಮಾಡುತ್ತಿದ್ದ ಮೇಷ್ಟ್ರನ್ನು ಹಾಗೇ ಎಳೆದುಕೊಂಡು ಹೋದೆ. ನಾಲೆ ತಲುಪುವಷ್ಟರಲ್ಲಿ ಅವರ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಪುಡಿಯಾಗಿತ್ತು.

ಹೋಗಿ ನೋಡಿದರೆ ಬಸ್ಸು ನಾಲೆಯಲ್ಲಿ ಅಡ್ಡ ಮಲಗಿತ್ತು, ಅರ್ಧಕ್ಕಿಂತ ಹೆಚ್ಚು ಮುಳುಗಿತ್ತು. ಹಿಂದಿನ ಚೌಕಟ್ಟು ಒಗೆದು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತು. ಹಿಂಬಾಗಿಲು ಹೋ ಎಂದು ತೆರೆದಿತ್ತು. ನಾಲೆಯ ದಡದಲ್ಲಿ ಒದ್ದೆ ಜನ ಸಾಲಾಗಿ ಕೂತಿದ್ದರು. ಹೆಂಗಸರು ಕೂದಲು ಹಿಂಡಿಕೊಳ್ಳುತ್ತಿದ್ದರು. ಒಬ್ಬ ರೈತ ನೆನೆದ ತನ್ನ ಬೀಡಿಕಟ್ಟನ್ನು ಒಂದೊಂದಾಗಿ ಬಿಡಿಸಿ ಕಲ್ಲಿನ ಮೇಲೆ ಇಡುತ್ತಿದ್ದ.

ಮೇಷ್ಟ್ರು ಕಂಡಕ್ಟರನ ತೋಳು ಹಿಡಿದರು. "ಎಷ್ಟು ಜನ ಇದ್ರು?"

"ಡ್ರೈವರು, ನಾನು ಸೇರಿ ಮೂವತ್ತೆಂಟು ಸಾರ್."

"ಎಷ್ಟು ಜನ ಬಂದ್ರು?"

"ಮೂವತ್ತೆಂಟೂ ಸಾರ್. ಹಿಡಿ ಎಳೆದ್ಬುಟ್ಟೆ, ಟಕ್ ಅಂತು, ಒಬ್ಬೊಬ್ಬರಾಗಿ ಬಂದ್ಬುಟ್ರು."

"ಸರಿಯಾಗಿ ನೋಡಿದ್ಯಾ? ಒಳಗೆ ಯಾರೂ ಇಲ್ವಾ?"

"ನಾನೇ ಎರಡು ಸಲ ಮುಳುಗಿ ನೋಡಿದೆ ಸಾರ್. ಯಾರೂ ಇಲ್ಲ."

ಮೇಷ್ಟ್ರಿಗೆ ಅದು ಸಾಲಲಿಲ್ಲ. ದಡದುದ್ದಕ್ಕೂ ನಡೆದು ಒಬ್ಬೊಬ್ಬರ ತಲೆಯನ್ನೂ ಮುಟ್ಟಿ ತಾವೇ ಎಣಿಸಿದರು. ಕೊನೆಯಲ್ಲಿ ಒಬ್ಬಳು ಹೊಸ ಮದುವಣಗಿತ್ತಿ ಕೂತಿದ್ದಳು, ಕೈಯಲ್ಲಿ ಹಸಿರು ಬಳೆ, ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. "ಮೂವತ್ತೆಂಟು," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಆ ಕೈ ಅಲ್ಲಿಂದ ಬರಲಿಲ್ಲ. ಮೇಷ್ಟ್ರು ಹಾಗೇ ಕೆಸರಿನಲ್ಲಿ ಕುಸಿದು ಕೂತು ಗಟ್ಟಿಯಾಗಿ ಅತ್ತರು, ಅಳುತ್ತಲೇ ನಕ್ಕರು. ಆ ಹುಡುಗಿ ಗಾಬರಿಯಾಗಿ, "ಅಳ್ಬ್ಯಾಡಿ ಅಣ್ಣಯ್ಯ, ನಮಗೇನೂ ಆಗಿಲ್ಲ," ಎಂದಳು. ನಾನು ಲಾರಿಯ ಹಿಂದೆ ಹೋಗಿ ನಿಂತುಕೊಂಡೆ. ನನಗೂ ಅಳು ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಮನೆಗೆ ಬಂದವರೇ ತಂದೆಯ ಮುಂದೆ ನಿಂತು, "ಅಪ್ಪಯ್ಯ, ಡಬ್ಬಿ ತೆಗೀರಿ," ಎಂದರು. "ಈಗ ಹಾಕಿ ಹೂವ. ಎಷ್ಟು ಬೇಕೋ ಅಷ್ಟು ಹಾಕಿ."

ಮುಂದಿನ ಭಾನುವಾರ ಮಳೆ ಬಿಟ್ಟಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ವಿದ್ಯಾರಣ್ಯಪುರಂನ ಆ ಕೊನೆಯ ಸಾಲಿನ ಮುಂದಿನ ಬಯಲಿನಲ್ಲಿ ಊರೇ ಸೇರಿತ್ತು. ಬಸ್ಸಿನಲ್ಲಿದ್ದವರು ಬಹಳ ಜನ ಬಂದಿದ್ದರು, ಬಾಳೆಗೊನೆ ಹೊತ್ತು, ತೆಂಗಿನಕಾಯಿ ಹಿಡಿದು. ಯಾದವಗಿರಿಯ ಸಾಹೇಬರೂ ಬಂದಿದ್ದರು, ಕೋಟು ಹಾಕಿಕೊಂಡಿರಲಿಲ್ಲ. ಮುದುಕರು ಆರು ದಿನ ಕೂತು ಮಾಡಿದ ಮಣ್ಣಿನ ಹೂಕುಂಡಗಳನ್ನು ಮೇಷ್ಟ್ರು ಸಾಲಾಗಿ ಇಟ್ಟರು. ಆ ಮನೆಯವರು ಹದಿನೈದು ವರ್ಷದ ಮೇಲೆ ಹಚ್ಚಿದ ಮೊದಲ ಬಾಣಬಿರುಸು ಅದು. ಒಂದೊಂದು ಹೂಕುಂಡ ಚಿಮ್ಮಿದಾಗಲೂ ಜನ ಎಣಿಸುತ್ತಿದ್ದರು. ಮೂವತ್ತೆಂಟು ಆದಾಗ ಬಯಲೆಲ್ಲ ಹಗಲಾಗಿತ್ತು. ಕಂಡಕ್ಟರನನ್ನು ಜನ ಹೆಗಲ ಮೇಲೆ ಎತ್ತಿಕೊಂಡು ಕುಣಿದರು.

ಸಾಲಿನ ಕೊನೆಯಲ್ಲಿ ಇನ್ನೂ ಒಂದು ಉಳಿದಿತ್ತು.

"ಲೇ, ಒಂದು ಎಚ್ಚಿಗೆ ಉಳ್ದದಲ್ಲಾ," ಎಂದರು ಮುದುಕರು. "ನಾ ಮೂವತ್ತೆಂಟೇ ಮಾಡಿದ್ದು."

"ಇದು ನಾನು ತುಂಬಿದ್ದು ಅಪ್ಪಯ್ಯ," ಎಂದರು ಮೇಷ್ಟ್ರು. "ಅವಳೂ ಹೊರಗೆ ಬಂದ್ಬುಡ್ಲಿ."

ಮುದುಕರು ಸೊಂಟದಿಂದ ಹಿತ್ತಾಳೆ ಡಬ್ಬಿ ತೆಗೆದು, ಉಳಿದಿದ್ದ ಪುಡಿಯನ್ನು ಕಣ್ಣಿಗೊತ್ತಿಕೊಂಡು ಅದರ ಬಾಯಿಗೆ ಸುರಿದರು. ಅಪ್ಪ ಮಗ ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಅಂಗೈಗಳನ್ನು ನೆಲಕ್ಕೆ ಊರಿ, ಒಂದೇ ಕಡ್ಡಿಯನ್ನು ಇಬ್ಬರೂ ಹಿಡಿದು ಹಚ್ಚಿದರು. ಅದು ಮನೆಯ ಮಾಡನ್ನು ದಾಟಿ, ತೆಂಗಿನ ಮರದ ಸುಳಿಯನ್ನು ದಾಟಿ ಎದ್ದಿತು. ಮೇಷ್ಟ್ರು ತಲೆ ಎತ್ತಿ ಅದರ ತುದಿಯನ್ನೇ ನೋಡುತ್ತ, ಗಾಯದ ಕೈಯನ್ನು ಮೇಲಕ್ಕೆತ್ತಿ, "ಬಂದ್ಲು! ಬಂದ್ಲು ಅಪ್ಪಯ್ಯ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದರು.